ಬಂಗಲೆಗೆ ಕಾಡಿನ ನೋಟ, ರಾಗಿ ಹೊಲಕ್ಕೆ ಆನೆ

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಮನೆ ಮಾರುವವರು ಈಗ ನೀರು, ರಸ್ತೆ, ಖಾತೆಗಿಂತ ಮೊದಲು ಕಾಡಿನ ಮಾತೆತ್ತುತ್ತಾರೆ. ನಾಲ್ಕು ಕೋಣೆ, ಎರಡು ಕಾರಿಗೆ ಜಾಗ, ಹಿಂದಿನ ಜಗಲಿಯಲ್ಲಿ ಕೂತರೆ ಕಣ್ಣೆದುರಿಗೇ ಬಯಲು ಕಾಡು. ಕೊಳ್ಳಲು ಬರುವವರು ಕೆಟ್ಟವರೇನಲ್ಲ. ಬೆಂಗಳೂರಿನ ಹೊಗೆಗೆ, ಟ್ರಾಫಿಕ್ಕಿಗೆ ಬೇಸತ್ತವರು, ಮಕ್ಕಳಿಗೆ ನವಿಲು ತೋರಿಸಬೇಕೆಂಬ ಆಸೆಯವರು. ಆದರೂ ಈ ವ್ಯಾಪಾರ ಹೀಗೇ ನಡೆದರೆ ಮುಂದೇನಾಗುತ್ತದೆ ಎಂಬುದನ್ನು ಇವತ್ತೇ ಹೇಳಬಹುದು. ಅದರ ಪೆಟ್ಟು ಬಂಗಲೆಯವರಿಗಿಂತ ಮೊದಲು ಬೀಳುವುದು ಪಕ್ಕದ ಹೊಲದವರ ಮೇಲೆ.

ಕಾನೂನು ಇಲ್ಲವೆಂದಲ್ಲ. 2016ರ ಕರಡು ಅಧಿಸೂಚನೆಯಲ್ಲಿ ಉದ್ಯಾನದ ಸುತ್ತ ಸುಮಾರು 268 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯವಿತ್ತು. 2020ರ ಮಾರ್ಚ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಉಳಿದದ್ದು 168.84 ಚದರ ಕಿಲೋಮೀಟರ್. ಕೆಲವೆಡೆ ಈ ವಲಯದ ಅಗಲ ನೂರೇ ಮೀಟರ್. ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಹೇಳಿತು, 2023ರ ಏಪ್ರಿಲ್‌ನಲ್ಲಿ ಸಡಿಲಿಸಿತು.

ಉಳಿದ ಪಟ್ಟಿಯೊಳಗೆ ಹೊಸ ರೆಸಾರ್ಟಿಗೆ, ವಾಣಿಜ್ಯ ಕಟ್ಟಡಕ್ಕೆ ಅವಕಾಶವಿಲ್ಲ. ಸ್ಥಳೀಯರು ಮಾತ್ರ ತಮ್ಮ ಜಮೀನಿನಲ್ಲಿ ತಮ್ಮ ವಾಸಕ್ಕೆ ಮನೆ ಕಟ್ಟಿಕೊಳ್ಳಬಹುದು. ಮಗನಿಗೆ ಮದುವೆಯಾದಾಗ ಪಕ್ಕದಲ್ಲೇ ಎರಡು ಕೋಣೆ ಏರಿಸುವ ರೈತನಿಗೆಂದು ಇಟ್ಟ ವಿನಾಯಿತಿ ಅದು. ಆದರೆ ಅದೇ 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು ಕೃಷಿಕರಲ್ಲದವರಿಗೂ ಕೃಷಿ ಜಮೀನಿನ ಬಾಗಿಲು ತೆರೆಯಿತು. ಈಗ ಶನಿವಾರ ಬಂದು ಭಾನುವಾರ ಸಂಜೆ ಹೊರಡುವವರೂ ಆ ವಿನಾಯಿತಿಯ ನೆರಳಲ್ಲಿ ನಿಲ್ಲಬಹುದು. ರೆಸಾರ್ಟ್ ಎಂದು ಬರೆದ ಅರ್ಜಿ ಮೇಜಿನ ಮೇಲೇ ಕೂರುತ್ತದೆ, ಕುಟುಂಬದ ಬಂಗಲೆ ಎಂದು ಬರೆದದ್ದು ಮುಂದೆ ಹೋಗುತ್ತದೆ. ನಾಳೆ ಅದೇ ಬಂಗಲೆ ಹೋಂಸ್ಟೇ ಆದರೆ ಹೋಗಿ ನೋಡುವವರು ಯಾರು?

ಮಾರುವವರು ತೋರಿಸುವ ಆ ಬಯಲು ಕಾಡಿನ ವಿಷಯಕ್ಕೆ ಬರೋಣ. ಮರಗಳ ನೆತ್ತಿ ನೆಲದ ಶೇ. 10ರಿಂದ 40ರಷ್ಟನ್ನು ಮುಚ್ಚಿದ್ದರೆ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅದನ್ನು ಬಯಲು ಕಾಡೆಂಬ ವರ್ಗಕ್ಕೆ ಸೇರಿಸುತ್ತದೆ. ಮಲೆನಾಡಿನ ಕಾಡು ನೋಡಿದವರಿಗೆ ಬನ್ನೇರುಘಟ್ಟದ ಕುರುಚಲು, ಬಂಡೆ, ಬಿದಿರು, ಲಂಟಾನದ ಪೊದೆ ಖಾಲಿ ಜಾಗದಂತೆ ಕಾಣುತ್ತದೆ. ಚಿರತೆಗೆ ಬೇಕಾದದ್ದು ಅದೇ. ಶಿವರಾತ್ರಿ ಕಳೆದು ಹುಲ್ಲು ಒಣಗಿದ ಮೇಲೆ ಅಲ್ಲಿ ಬೆಂಕಿ ಬಿದ್ದರೆ ತಡೆಯುವುದೂ ಕಷ್ಟ.

ಮನೆ ಬಂದಲ್ಲಿ ಕಸ ಬರುತ್ತದೆ, ಕಸಕ್ಕೆ ನಾಯಿ, ನಾಯಿಗೆ ಚಿರತೆ. ಮೊದಲ ತಿಂಗಳು ಸಿಸಿಟಿವಿಯ ಚಿತ್ರ ವಾಟ್ಸ್ಯಾಪಿನಲ್ಲಿ ಹೆಮ್ಮೆಯಿಂದ ಓಡಾಡುತ್ತದೆ, ಮೂರನೇ ತಿಂಗಳು ಅರಣ್ಯ ಇಲಾಖೆಗೆ ಬೋನು ಇಡಿರೆಂಬ ಮನವಿ ಹೋಗುತ್ತದೆ. 2023ರ ನವೆಂಬರ್ ಮೊದಲ ದಿನ ಬೊಮ್ಮನಹಳ್ಳಿ ಬಳಿ ಸೆರೆ ಕಾರ್ಯಾಚರಣೆಯಲ್ಲಿ ಒಂದು ಚಿರತೆ ಸತ್ತದ್ದು ಬೆಂಗಳೂರಿಗೆ ನೆನಪಿರಬೇಕು. ಹಿಡಿದು ದೂರ ಬಿಟ್ಟರಾಯಿತಲ್ಲ ಎನ್ನುವವರು ಮಹಾರಾಷ್ಟ್ರದ ಜುನ್ನರ್‌ನಲ್ಲಿ ಎರಡು ದಶಕದ ಹಿಂದೆ ಏನಾಯಿತೆಂದು ತಿಳಿಯಬೇಕು. ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಅಲ್ಲಿ ಇಳಿಯಲಿಲ್ಲ, ಏರಿತು.

ಆನೆಯ ಲೆಕ್ಕ ಇನ್ನೂ ಕಠಿಣ. ಉದ್ಯಾನ ಸುಮಾರು 260 ಚದರ ಕಿಲೋಮೀಟರ್ ಇದ್ದರೂ ಉದ್ದಕ್ಕೆ ಎಳೆದಂತಿದೆ, ಕೆಲವು ಕಡೆ ಬಹಳ ಕಿರಿದು. ಬೆಂಗಳೂರಿನ ಅಂಚಿನಿಂದ ಕಾವೇರಿ ವನ್ಯಜೀವಿಧಾಮಕ್ಕೆ, ಪಕ್ಕದ ಹೊಸೂರು ಕಾಡಿಗೆ ಆನೆಗಳು ಓಡಾಡುವುದು ಇದರ ಮೂಲಕವೇ. ಕರಡಿಕಲ್–ಮಾದೇಶ್ವರ ಕಾರಿಡಾರ್ ಅದರ ಒಂದು ಕೊಂಡಿ. ಕಾರ್ತಿಕ ಕಳೆಯುವ ಹೊತ್ತಿಗೆ ರಾಗಿ ತೆನೆ ಬಲಿಯುತ್ತದೆ, ಹಿಂಡು ಇಳಿಯುತ್ತದೆ. ರೈತ ಅಟ್ಟಣೆ ಏರಿ ಪಟಾಕಿ, ಟಾರ್ಚು ಹಿಡಿದು ರಾತ್ರಿಯಿಡೀ ಕಾಯುತ್ತಾನೆ. ಇದು ಅವನಿಗೆ ಹೊಸದಲ್ಲ. ಹೊಸದಾಗಿ ಬಂದದ್ದು ನಡುವಿನ ಎಂಟು ಅಡಿ ಕಾಂಪೌಂಡು, ಅದರ ಮೇಲಿನ ಸೋಲಾರ್ ತಂತಿ, ಬೆಳತನಕ ಉರಿಯುವ ಫ್ಲಡ್‌ಲೈಟು. ಆನೆ ಗೋಡೆ ನೋಡಿ ಊರಿಗೆ ಹಿಂದಿರುಗುವ ಅತಿಥಿಯಲ್ಲ, ಗೋಡೆ ಮುಗಿಯುವ ತನಕ ನಡೆದು ಬೇಲಿಯಿಲ್ಲದ ಹೊಲಕ್ಕೆ ಇಳಿಯುತ್ತದೆ. ಹತ್ತು ಬಂಗಲೆಗಳು ಸೇರಿ ಹತ್ತು ಕಡೆ ದಾರಿ ಮುಚ್ಚಿದರೆ ತುಳಿತಕ್ಕೆ ಸಿಗುವುದು ಹನ್ನೊಂದನೆಯವರ ಬೆಳೆ. ಆಮೇಲೆ ಪರಿಹಾರದ ಅರ್ಜಿ ಹಿಡಿದು ಕಚೇರಿ ಸುತ್ತುವವರು ಅವರೇ. ಬಂಗಲೆಯವರು ಅಷ್ಟು ಹೊತ್ತಿಗೆ ಜಯನಗರದಲ್ಲೋ ಕೋರಮಂಗಲದಲ್ಲೋ ನಿದ್ದೆಯಲ್ಲಿರುತ್ತಾರೆ.

ಒತ್ತಡ ಇನ್ನೂ ಏರಲಿದೆ. ಹಸಿರು ಮೆಟ್ರೊ 2021ರಲ್ಲೇ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ, ಎರಡನೇ ವಿಮಾನ ನಿಲ್ದಾಣಕ್ಕೆ ಕನಕಪುರ ರಸ್ತೆಯ ಕಡೆ ಜಾಗ ನೋಡಿದ್ದಾರೆ, ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಬಂತು. ಹೆಸರಿನಲ್ಲಿ ಬೆಂಗಳೂರು ಸೇರಿದರೆ ಎಕರೆಯ ಬೆಲೆಗೆ ಏನಾಗುತ್ತದೆಂದು ಬ್ರೋಕರುಗಳನ್ನು ಕೇಳಬೇಕಿಲ್ಲ.

ಸರ್ಕಾರ ಮಾಡಬೇಕಾದ ಮೊದಲ ಕೆಲಸಕ್ಕೆ ಹೊಸ ಕಾಯ್ದೆಯೇನೂ ಬೇಡ. ಸೂಕ್ಷ್ಮ ವಲಯಕ್ಕೆ ಬಿದ್ದ ಪ್ರತಿ ಸರ್ವೆ ನಂಬರಿನ ಪಹಣಿಯ 11ನೇ ಕಾಲಂನಲ್ಲಿ ಆ ಸಂಗತಿ ನಮೂದಾಗಲಿ. ಸಾಲ, ತಕರಾರು ಕಾಣುವ ಜಾಗದಲ್ಲಿ ಕಾಡಿನ ನಿರ್ಬಂಧವೂ ಕಾಣಲಿ, ನೋಂದಣಿಗೆ ಬಂದವರಿಗೆ ಸಹಿ ಹಾಕುವ ಮುನ್ನವೇ ಗೊತ್ತಾಗಲಿ. ಸ್ಥಳೀಯರೆಂದರೆ ಯಾರು, ಎಷ್ಟು ವರ್ಷದಿಂದ ವಾಸವಿರುವವರು ಎಂಬುದನ್ನು ವಲಯದ ಮಾಸ್ಟರ್ ಪ್ಲಾನಿನಲ್ಲೇ ಬರೆಯಬೇಕು. ಆನೆ ದಾರಿಯ ಸರ್ವೆ ನಂಬರುಗಳಲ್ಲಿ ಕಾಂಪೌಂಡಿಗೆ ಪಂಚಾಯಿತಿ ಒಪ್ಪಿಗೆ ಕೊಡುವ ಮೊದಲು ಅರಣ್ಯ ಇಲಾಖೆಯವರು ಸ್ಥಳ ನೋಡಬೇಕು. ಗೋಡೆ ಎದ್ದ ಮೇಲೆ ಕೆಡವುವುದಕ್ಕೆ ಈ ರಾಜ್ಯದಲ್ಲಿ ಎಷ್ಟು ವರ್ಷ ಬೇಕೆಂದು ಕೆರೆ ಒತ್ತುವರಿ ಪ್ರಕರಣಗಳನ್ನು ನೋಡಿದರೆ ತಿಳಿಯುತ್ತದೆ.

ಕೊಳ್ಳುವವರಿಗೂ ಒಂದು ಮಾತು. ಮುಂಗಡ ಕೊಡುವ ಮೊದಲು ಅಧಿಸೂಚನೆಯಲ್ಲಿರುವ ಹಳ್ಳಿಗಳ ಪಟ್ಟಿ ತೆಗೆದು ನೋಡಿ. ಜಮೀನಿನಲ್ಲಿ ಬಿ ಖರಾಬು ಸೇರಿದೆಯೇ, ಅರಣ್ಯ ಕಾಯ್ದೆಯ 4ನೇ ಸೆಕ್ಷನ್ನಿನ ಅಧಿಸೂಚನೆ ಅದರ ಮೇಲಿದೆಯೇ, ಭೂ ಪರಿವರ್ತನೆ ಆದದ್ದು ಯಾವ ಉದ್ದೇಶಕ್ಕೆ ಎಂದು ಲಿಖಿತದಲ್ಲಿ ಕೇಳಿ. ಪಕ್ಕದ ಹೊಲದವರನ್ನೂ ಮಾತಾಡಿಸಿ. ಹೋದ ಸುಗ್ಗಿಯಲ್ಲಿ ಆನೆ ಯಾವ ಕಡೆಯಿಂದ ಬಂತೆಂದು ಅವರು ಕೈ ತೋರಿಸಿ ಹೇಳುತ್ತಾರೆ. ಆ ಕೈ ನಿಮಗೆ ತೋರಿಸಿದ ಬಂಗಲೆಯ ಗೇಟಿನತ್ತ ಚಾಚಿದರೆ ಮುಂಗಡ ಕೊಡಬೇಡಿ.