ತಕ್ಕದ್ದು ಎಂದು ಬರೆದರೆ ಸಾಲದು

ಸರ್ಕಾರಿ ಆದೇಶಗಳ ಕನ್ನಡದಲ್ಲಿ ‘ತಕ್ಕದ್ದು’ ಎಂಬ ಗಟ್ಟಿ ಪದವೊಂದಿದೆ. ಅರ್ಜಿಯನ್ನು ಇಂಥ ದಿನದೊಳಗೆ ‘ಸಲ್ಲಿಸತಕ್ಕದ್ದು’ ಅಂದರೆ ಚೌಕಾಸಿಗೆ ಜಾಗವಿಲ್ಲ; ‘ಸಲ್ಲಿಸಬಹುದು’ ಅಂದರೆ ನಿಮ್ಮಿಷ್ಟ. ತಂತ್ರಾಂಶ ಲೋಕದ ಮಾನಕಗಳೂ ಇದೇ ವ್ಯಾಕರಣದಲ್ಲಿ ನಡೆಯುತ್ತವೆ. ಅಲ್ಲಿ ‘ಶಲ್’ ಎಂದರೆ ಮಾಡತಕ್ಕದ್ದು, ‘ಶುಡ್’ ಎಂದರೆ ಮಾಡಿದರೆ ಒಳ್ಳೆಯದು, ‘ಮೇ’ ಎಂದರೆ ಮಾಡಬಹುದು. ಬೇರೆ ಬೇರೆ ದೇಶಗಳಲ್ಲಿ ಕೂತ, ಒಬ್ಬರನ್ನೊಬ್ಬರು ಎಂದೂ ನೋಡದ ಜನ ಬರೆದ ಎರಡು ತಂತ್ರಾಂಶಗಳು ಪರಸ್ಪರ ಮಾತಾಡುವುದು ಈ ಪುಟ್ಟ ಪದಗಳ ಬಲದಿಂದ.

ನಾನು ಕೆಲವು ವರ್ಷಗಳಿಂದ ನಕ್ಷೆ ಸರ್ವರ್‌ಗಳ ಜೊತೆ ಏಗುತ್ತಿದ್ದೇನೆ. ನನ್ನ ತಕರಾರು ಇಷ್ಟೇ: ‘ತಕ್ಕದ್ದು’ ಎಂದು ಬರೆದಿಟ್ಟು, ಅದರ ಪಾಲನೆಯಾಗುತ್ತಿದೆಯೇ ಎಂದು ಪ್ರತಿ ಬದಲಾವಣೆಗೂ ಯಂತ್ರದಿಂದ ಪರೀಕ್ಷಿಸದೆ ಹೋದರೆ ಆ ಮಾನಕ ಬರೀ ಸುಭಾಷಿತವಾಗಿ ಉಳಿಯುತ್ತದೆ. ಮುಕ್ತ ತಂತ್ರಾಂಶ ಕಟ್ಟುವ ಅನೇಕರು ಈ ಕೆಲಸವನ್ನು ‘ಬಿಡುವಾದಾಗ ಮಾಡೋಣ’ ಎಂಬ ಪಟ್ಟಿಗೆ ತಳ್ಳಿದ್ದಾರೆ. ಅವರ ಶ್ರಮವನ್ನು ಪುಕ್ಕಟೆ ಉಣ್ಣುವ ಕಂಪನಿಗಳೂ ಸರ್ಕಾರಗಳೂ ಅದು ಅಲ್ಲೇ ಬಿದ್ದಿರಲಿ ಎಂದು ಸುಮ್ಮನಿವೆ. ಇಬ್ಬರ ಮೇಲೂ ನನಗೆ ಸಿಟ್ಟಿದೆ. ಎರಡನೆಯವರ ಮೇಲೆ ತುಸು ಹೆಚ್ಚು.

ನಕ್ಷೆ ಸರ್ವರ್ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಕೆರೆ, ರಸ್ತೆ, ಕಾಡು, ಊರಿನ ಗಡಿ ಎಲ್ಲವೂ ಯಾವುದೋ ಡೇಟಾಬೇಸಿನಲ್ಲಿ ಬರೀ ಅಂಕಿಗಳಾಗಿ ಬಿದ್ದಿರುತ್ತವೆ. ‘ಇಷ್ಟು ಚೌಕದೊಳಗಿನ ಕೆರೆಗಳನ್ನು ತೋರಿಸು’ ಎಂದು ಕೇಳಿದರೆ ಆ ಅಂಕಿಗಳನ್ನು ಚಿತ್ರವಾಗಿಸಿ ಕಳಿಸುವುದು ನಕ್ಷೆ ಸರ್ವರ್. ಮ್ಯಾಪ್‌ಸರ್ವರ್ 1990ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಜಿಯೋಸರ್ವರ್ 2001ರಲ್ಲಿ ನ್ಯೂಯಾರ್ಕಿನಲ್ಲಿ. ಎರಡರ ಮೂಲ ಸಂಕೇತವನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕೇಳುವ ರೀತಿ, ಉತ್ತರಿಸುವ ರೀತಿ ಎಲ್ಲರಿಗೂ ಒಂದೇ ಇರಲಿ ಎಂದು 1994ರಲ್ಲಿ ಕಟ್ಟಿದ ಒಕ್ಕೂಟಕ್ಕೆ ಈಗ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂ ಎಂದು ಹೆಸರು, ಚಿಕ್ಕದಾಗಿ ಒಜಿಸಿ. ವೆಬ್ ಮ್ಯಾಪ್ ಸರ್ವಿಸ್ ಎಂಬ ಅದರ ಮಾನಕ ಮೊದಲು ಹೊರಬಂದದ್ದು 2000ದಲ್ಲಿ. ನಮ್ಮ ಇಸ್ರೋದ ಭುವನ್ ಕೂಡ ತನ್ನ ನಕ್ಷೆಯ ಪದರಗಳನ್ನು ಈ ಮಾನಕದ ಮೂಲಕ ಹೊರಗಿನವರಿಗೆ ಕೊಡುತ್ತದೆ. ಒಂದು ಇಲಾಖೆಯ ನೆರೆ ನಕ್ಷೆಯ ಮೇಲೆ ಇನ್ನೊಂದು ಇಲಾಖೆಯ ರಸ್ತೆಗಳನ್ನು, ಮತ್ತೊಬ್ಬರ ಆಸ್ಪತ್ರೆಗಳನ್ನು ಹೊದಿಸಿ ನೋಡಬಹುದು. ಎಲ್ಲವೂ ಒಂದೇ ಕಂಪನಿಯ ಮುಷ್ಟಿಯಲ್ಲಿ ಇರಬೇಕಿಲ್ಲ. ಇದು ಸಣ್ಣ ಸ್ವಾತಂತ್ರ್ಯವಲ್ಲ.

ಈ ಸ್ವಾತಂತ್ರ್ಯ ಎಷ್ಟು ತೆಳುವಾದ ದಾರದಲ್ಲಿ ನೇತಾಡುತ್ತಿದೆ ನೋಡಿ. ಈ ಮಾನಕದ 1.1.1 ಆವೃತ್ತಿ 2002ರದು. ಅದರಲ್ಲಿ ಚೌಕದ ಮೂಲೆಗಳನ್ನು ಹೇಳುವಾಗ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ನಂತರ ಬಂದ 1.3.0 ಆವೃತ್ತಿಯಲ್ಲಿ, ಎಲ್ಲರೂ ಬಳಸುವ ‘ಇಪಿಎಸ್‌ಜಿ 4326’ ಎಂಬ ವ್ಯವಸ್ಥೆಯ ಮಟ್ಟಿಗೆ, ಕ್ರಮ ತಿರುಗುಮುರುಗಾಯಿತು. ಹೊಸ ಆವೃತ್ತಿಗೆ ಹಳೆಯ ಕ್ರಮದಲ್ಲಿ ಉತ್ತರಿಸುವ ಸರ್ವರ್ ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರು ಇರುವುದು ಸುಮಾರು 12.97 ಉತ್ತರ ಅಕ್ಷಾಂಶ, 77.59 ಪೂರ್ವ ರೇಖಾಂಶದಲ್ಲಿ. ಎರಡನ್ನೂ ಅದಲು ಬದಲು ಮಾಡಿದರೆ ಸಿಗುವುದು ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರ. ಮೆಜೆಸ್ಟಿಕ್ ಕೇಳಿದವನಿಗೆ ಹಿಮಗಡಲು! ಇದಕ್ಕಿಂತ ಕೆಟ್ಟದ್ದೆಂದರೆ, ಸರ್ವರ್ ‘ತಪ್ಪಾಯಿತು’ ಎನ್ನುವುದಿಲ್ಲ. ಅಲ್ಲಿ ನಿಮ್ಮ ಕೆರೆಗಳಿಲ್ಲವಾದ್ದರಿಂದ ಒಂದು ಖಾಲಿ ಚಿತ್ರವನ್ನು ವಿನಯದಿಂದ ಕಳಿಸುತ್ತದೆ. ಇಂಥ ಮೌನದ ತಪ್ಪನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಯಂತ್ರಕ್ಕೆ ಅದು ಕ್ಷಣದ ಕೆಲಸ.

ಇದಕ್ಕೆಂದು ಪರೀಕ್ಷೆಗಳಿಲ್ಲವೇ? ಇವೆ; ಬಹಳ ಚೆನ್ನಾಗಿವೆ. ಒಜಿಸಿಯ ‘ಸೈಟ್’ ಎಂಬ ಕಾರ್ಯಕ್ರಮದಡಿ ಮಾನಕಗಳಿಗೆ ಪರೀಕ್ಷಾ ಕಟ್ಟುಗಳಿವೆ, ಅವನ್ನು ಓಡಿಸಲು ಟೀಮ್ ಎಂಜಿನ್ ಎಂಬ ಮುಕ್ತ ತಂತ್ರಾಂಶವಿದೆ. ವೆಬ್ ಮ್ಯಾಪ್ ಸರ್ವಿಸ್ ಪರೀಕ್ಷೆಗಾಗಿ ಒಂದು ಕಾಲ್ಪನಿಕ ಊರನ್ನೇ ಕಟ್ಟಿದ್ದಾರೆ. ಅಲ್ಲಿ ಬ್ಲೂ ಲೇಕ್ ಎಂಬ ಸರೋವರ, ಅದರ ನಡುವೆ ಗೂಸ್ ಐಲ್ಯಾಂಡ್, ದಡದ ಕಡೆ ಆ್ಯಶ್ಟನ್ ಎಂಬ ಪುಟ್ಟ ಪಟ್ಟಣ, ಒಂದು ಸೇತುವೆ, ಒಂದು ಕಾಡು. ಮಾಲ್ಗುಡಿ ಕಥೆಗಾಗಿ ಹುಟ್ಟಿದಂತೆ ಈ ಊರು ಹುಟ್ಟಿದ್ದು ಪರೀಕ್ಷೆಗಾಗಿ. ಸರ್ವರಿಗೆ ಈ ಊರನ್ನು ಉಣಿಸಿ ಪ್ರಶ್ನೆ ಕೇಳುತ್ತಾರೆ. ಇಲ್ಲದ ಪದರವನ್ನು ಕೇಳಿದಾಗ ‘ಪದರ ಗೊತ್ತಿಲ್ಲ’ ಎಂಬ ನಿಗದಿತ ದೋಷಸಂಕೇತ ಬರುತ್ತದೆಯೇ? ಚೌಕದ ಎಡ ಅಂಚು ಬಲ ಅಂಚಿಗಿಂತ ದೊಡ್ಡದಿದ್ದರೆ ತಕರಾರು ಎತ್ತುತ್ತದೆಯೇ? ಕೇಳಿಕೆಯ ಹೆಸರುಗಳನ್ನು ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ಒಂದೇ ಉತ್ತರ ಕೊಡುತ್ತದೆಯೇ?

ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿ ಕೈತೊಳೆದುಕೊಳ್ಳಲಿಲ್ಲ. ಸೂತ್ರದ ಬೆನ್ನಿಗೆ ವೃತ್ತಿ, ಅದರ ಬೆನ್ನಿಗೆ ಹಿಂದಿನ ಕವಿಗಳಿಂದ ಪ್ರಯೋಗಗಳನ್ನು ಕೊಟ್ಟ. ಪ್ರಯೋಗವಿಲ್ಲದ ಸೂತ್ರವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಓದಿಕೊಳ್ಳುತ್ತಾರೆ ಎಂದು ವ್ಯಾಕರಣಕಾರರಿಗೆ ಗೊತ್ತಿತ್ತು. ನಕ್ಷೆಯ ಮಾನಕಕ್ಕೆ ಈ ಪರೀಕ್ಷೆಗಳೇ ಪ್ರಯೋಗ.

ಹಾಗಾದರೆ ಕೊರತೆ ಎಲ್ಲಿ? ಓಡಿಸುವುದರಲ್ಲಿ. ಅನೇಕ ಕಡೆ ನಡೆಯುವುದು ಹೀಗೆ: ಹೊಸ ಆವೃತ್ತಿ ಬಿಡುಗಡೆಯಾಗುವ ವಾರ ಯಾರೋ ಒಬ್ಬರು ನೆನಪಿಸಿಕೊಂಡು ಸರ್ವರ್ ನಿಲ್ಲಿಸಿ, ಬ್ಲೂ ಲೇಕ್ ದತ್ತಾಂಶ ತುಂಬಿಸಿ, ಟೀಮ್ ಎಂಜಿನ್ನಿನ ಪುಟದಲ್ಲಿ ವಿಳಾಸ ಕೊಟ್ಟು, ವರದಿಗೆ ಕಾಯುತ್ತಾರೆ. ಕೆಂಪು ಬರುತ್ತದೆ. ಹಿಂದಿನ ಪರೀಕ್ಷೆಯಿಂದ ಈಚೆಗೆ ಹತ್ತಾರು ಜನ ನೂರಾರು ಬದಲಾವಣೆ ಮಾಡಿದ್ದಾರೆ. ಯಾವುದರಿಂದ ಕೆಟ್ಟಿತು? ಹುಲ್ಲಿನ ಬಣವೆಯಲ್ಲಿ ಸೂಜಿ. ಅದನ್ನು ಹುಡುಕುವ ಸ್ವಯಂಸೇವಕಿಯ ಎರಡು ವಾರಾಂತ್ಯ ಹೋಗುತ್ತದೆ. ಮುಂದಿನ ಸಲ ಆಕೆ ನೆನಪಿಸಿಕೊಳ್ಳುವುದಿಲ್ಲ, ನೆನಪಾದರೂ ಸುಮ್ಮನಿರುತ್ತಾಳೆ. ಆಕೆಯದೇನು ತಪ್ಪು?

ಸ್ವಯಂಚಾಲಿತಗೊಳಿಸುವುದೆಂದರೆ ಈ ಹೊರೆಯನ್ನು ಮನುಷ್ಯರ ಬೆನ್ನಿನಿಂದ ಇಳಿಸುವುದು. ಯಾರೇ ಒಂದು ಬದಲಾವಣೆ ಕಳಿಸಲಿ, ಕಂಪ್ಯೂಟರೇ ಆ ಬದಲಾವಣೆ ಸೇರಿದ ಸರ್ವರನ್ನು ಡಾಕರ್ ಪೆಟ್ಟಿಗೆಯೊಂದರಲ್ಲಿ ಕಟ್ಟುತ್ತದೆ, ಪಕ್ಕದ ಪೆಟ್ಟಿಗೆಯಲ್ಲಿ ಟೀಮ್ ಎಂಜಿನ್ ಎಬ್ಬಿಸುತ್ತದೆ, ಕಾಲ್ಪನಿಕ ಊರನ್ನು ತುಂಬಿಸಿ ಎಲ್ಲ ಪ್ರಶ್ನೆ ಕೇಳಿ ವರದಿ ಓದುತ್ತದೆ. ಕೆಂಪಾದರೆ ಬದಲಾವಣೆ ಒಳಗೆ ಬರುವುದಿಲ್ಲ. ಕೆಡಿಸಿದವರಿಗೆ ತಾವು ಬರೆದ ಸಾಲು ಇನ್ನೂ ತಲೆಯಲ್ಲಿರುವಾಗಲೇ ತಪ್ಪು ತಿಳಿಯುತ್ತದೆ. ಜಿಯೋಸರ್ವರ್ ತಂಡ ಈ ಪರೀಕ್ಷೆಗಳನ್ನು ಡಾಕರ್‌ನಲ್ಲಿ ಓಡಿಸುವ ಏರ್ಪಾಟನ್ನು ತನ್ನ ಮೂಲ ಸಂಕೇತದ ಜೊತೆಯಲ್ಲೇ ಇಟ್ಟುಕೊಂಡಿದೆ. ಅಂದರೆ ಇದು ಆಗದ ಮಾತಲ್ಲ.

ಇಷ್ಟು ಹೇಳಿದರೆ ಎದುರಿನಿಂದ ಬರುವ ಮೊದಲ ಉತ್ತರ: ‘ಪ್ರಮಾಣಪತ್ರ ಇದೆಯಲ್ಲ?’ ಒಜಿಸಿಯ ಪರೀಕ್ಷೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓಡಿಸಬಹುದು. ಅದರ ಮುದ್ರೆಯನ್ನು ಬಳಸಲು ಶುಲ್ಕವಿದೆ. ಆದರೆ ಆ ಮುದ್ರೆ ಬೀಳುವುದು ಒಂದು ತಂತ್ರಾಂಶದ ಒಂದು ಆವೃತ್ತಿಗೆ. ಅದು ಒಂದು ದಿನದ ಫೋಟೋ. ಮದುವೆಯ ಫೋಟೋ ತೋರಿಸಿ ಸಂಸಾರ ಚೆನ್ನಾಗಿದೆ ಎನ್ನಲು ಬರುವುದಿಲ್ಲ. ಒಂದು ಕಚೇರಿಯ ನಕ್ಷೆ ಸೇವೆಯನ್ನು ಬಳಸಲು ನಾನೊಮ್ಮೆ ಹೊರಟೆ. ಟೆಂಡರಿನಲ್ಲಿ ‘ಒಜಿಸಿ ಮಾನಕಗಳಿಗೆ ಬದ್ಧ’ ಎಂಬ ಸಾಲು ಠೀವಿಯಿಂದ ಕೂತಿತ್ತು. ತಂತ್ರಾಂಶಕ್ಕೆ ಮುದ್ರೆಯೂ ಇತ್ತು. ಆದರೆ ತನ್ನಲ್ಲಿ ಏನೇನಿದೆ ಎಂದು ಸರ್ವರ್ ತಾನೇ ಹೇಳಿಕೊಳ್ಳುವ ಕಡತದಲ್ಲಿ ಮುಂದಿನ ಪ್ರಶ್ನೆಗಳಿಗೆ ಕೊಟ್ಟ ವಿಳಾಸ ‘ಲೋಕಲ್‌ಹೋಸ್ಟ್’. ಅಂದರೆ ‘ನನ್ನ ಮನೆ ನನ್ನ ಮನೆಯಲ್ಲಿದೆ, ಬನ್ನಿ’ ಎಂದ ಹಾಗೆ. ಹೊರಗಿನಿಂದ ಒಮ್ಮೆ ಪರೀಕ್ಷೆ ಓಡಿಸಿದ್ದರೂ ಸಿಕ್ಕಿಬೀಳುತ್ತಿತ್ತು. ಯಾರೂ ಓಡಿಸಿರಲಿಲ್ಲ. ಪತ್ರ ಬರೆದೆ, ಉತ್ತರ ಬರಲಿಲ್ಲ.

ಎರಡನೆಯ ಉತ್ತರ: ‘ಬಳಸುವವರೇ ಹೇಳುತ್ತಾರೆ ಬಿಡಿ.’ ಹೇಳುವುದಿಲ್ಲ. ಖಾಲಿ ನಕ್ಷೆ ಕಂಡ ವಿದ್ಯಾರ್ಥಿನಿ ದೂರು ಬರೆಯುತ್ತಾ ಕೂರುವುದಿಲ್ಲ. ದೊಡ್ಡ ಕಂಪನಿಯ ಸಿದ್ಧ ನಕ್ಷೆಗೆ ಹೋಗುತ್ತಾಳೆ. ‘ಈ ಆವೃತ್ತಿಯಲ್ಲಿ ಒಂದು ದೋಷವಿದೆ’ ಎಂದು ಆಕೆ ತೀರ್ಮಾನಿಸುವುದಿಲ್ಲ. ‘ಪುಕ್ಕಟೆ ಸಿಗುವುದು ಇಷ್ಟೇ’ ಎಂದು ತೀರ್ಮಾನಿಸುತ್ತಾಳೆ. ಮುಕ್ತ ತಂತ್ರಾಂಶ ಪ್ರತಿ ಸಲ ಮಾತಿಗೆ ತಪ್ಪಿದಾಗಲೂ ಹೀಗೆ ಕೆಲವರು ಬಾಯಿ ಬಿಡದೆ ಎದ್ದುಹೋಗುತ್ತಾರೆ.

ಮೂರನೆಯ ಉತ್ತರದಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಲಾರೆ: ‘ಪರೀಕ್ಷೆಗಳಲ್ಲೇ ತಪ್ಪಿರುತ್ತದೆ. ಪಾಸಾದ ಮಾತ್ರಕ್ಕೆ ಸರ್ವರ್ ಒಳ್ಳೆಯದೆಂದಲ್ಲ.’ ನಿಜ. ಈ ಪರೀಕ್ಷೆಗಳು ನಕ್ಷೆ ಚೆಂದವಿದೆಯೇ, ದತ್ತಾಂಶ ಸರಿಯಿದೆಯೇ ಎಂದು ನೋಡುವುದಿಲ್ಲ. ಗೈಡ್ ಉರುಹೊಡೆದು ಪಾಸಾಗುವ ಹುಡುಗರಂತೆ, ಪರೀಕ್ಷೆಗೆಂದೇ ಸಂಕೇತ ಬರೆಯುವವರೂ ಇದ್ದಾರೆ. ಆದರೆ ಗೈಡ್ ಓದುವವರಿದ್ದಾರೆಂದು ಯಾರಾದರೂ ಪರೀಕ್ಷೆಯನ್ನೇ ಎತ್ತಿಬಿಡುತ್ತಾರೆಯೇ? ಪ್ರಶ್ನೆಪತ್ರಿಕೆ ತಪ್ಪಿದ್ದರೆ ತಿದ್ದಲು ಇಲ್ಲಿ ದಾರಿಯಿದೆ, ಯಾಕೆಂದರೆ ಪರೀಕ್ಷೆಯ ಸಂಕೇತವೂ ಮುಕ್ತ. ವರ್ಷಕ್ಕೊಮ್ಮೆ ಓಡಿಸಿದರೆ ಅದರ ತಪ್ಪು ವರ್ಷಕ್ಕೊಮ್ಮೆ ಕಾಣುತ್ತದೆ. ದಿನವೂ ಓಡಿಸಿದರೆ ವಾರದೊಳಗೆ ಯಾರಿಗಾದರೂ ತಿದ್ದುವಷ್ಟು ಕೋಪ ಬರುತ್ತದೆ. ಒಂದು ಷರತ್ತು ಮಾತ್ರ ಇರಲಿ. ‘ಇದು ಗೊತ್ತಿರುವ ಸೋಲು, ಬಿಟ್ಟುಬಿಡಿ’ ಎಂದು ಪಕ್ಕಕ್ಕಿಟ್ಟ ಪರೀಕ್ಷೆಗಳ ಪಟ್ಟಿ, ಕಾರಣದ ಸಮೇತ, ಎಲ್ಲರಿಗೂ ಕಾಣುವಂತಿರಬೇಕು. ಇಲ್ಲದಿದ್ದರೆ ಹಸಿರು ದೀಪವೂ ಸುಳ್ಳು ಹೇಳಲು ಕಲಿಯುತ್ತದೆ.

ಕೊನೆಗೆ ದುಡ್ಡಿನ ಮಾತು. ಭಾರತ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ ತಂದಿತು, 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿ. ಎರಡೂ ಒಳ್ಳೆಯ ನೀತಿಗಳು. ಆದರೆ ‘ಅಳವಡಿಕೆ’ ಎಂಬ ಪದವನ್ನು ನಾವು ‘ಇಳಿಸಿಕೊಂಡು ಬಳಸುವುದು’ ಎಂದಷ್ಟೇ ಓದಿಕೊಂಡಿದ್ದೇವೆ. ಪರೀಕ್ಷೆಯನ್ನು ಸ್ವಯಂಚಾಲಿತಗೊಳಿಸುವುದಕ್ಕೆ ಭಾರಿ ಮೊತ್ತ ಬೇಡ: ಕೆಲವು ತಿಂಗಳು ಗಮನವಿಟ್ಟು ಕೂರುವ ಒಬ್ಬಿಬ್ಬರು ಎಂಜಿನಿಯರ್, ಆಮೇಲೆ ಒಂದಿಷ್ಟು ಕಂಪ್ಯೂಟರ್ ಸಮಯ, ಆಗಾಗ ರಿಪೇರಿ. ಹೊಸ ಸೌಲಭ್ಯ ಬೇಕೆಂದರೆ ಹಣ ಕೊಡುವವರು ಸಿಗುತ್ತಾರೆ, ಉದ್ಘಾಟನೆಗೆ ರಿಬ್ಬನ್ ಇರುತ್ತದೆ. ಇದ್ದದ್ದು ಕೆಡದಂತೆ ಕಾಯುವವರಿಗೆ ರಿಬ್ಬನ್ ಇಲ್ಲ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಪ್ರತಿ ವರ್ಷ ಹೂಳು ತೆಗೆದವರ ಹೆಸರು ಯಾರಿಗೆ ಗೊತ್ತು? ಆದರೂ ನೀರು ನಿಲ್ಲುವುದು ಹೂಳು ತೆಗೆದ ಕೆರೆಯಲ್ಲೇ.

ಹಾಗಾಗಿ ನನ್ನ ಬೇಡಿಕೆಗಳು ಮೂರು. ಮಾನಕ ಬರೆಯುವವರು ಹೊಸ ಮಾನಕ ಪ್ರಕಟಿಸುವ ದಿನವೇ ಓಡಿಸಬಹುದಾದ ಪರೀಕ್ಷೆಯನ್ನೂ ಪ್ರಕಟಿಸಲಿ. ತಂತ್ರಾಂಶ ಕಟ್ಟುವವರು ಅದನ್ನು ಪ್ರತಿ ಬದಲಾವಣೆಯ ಬಾಗಿಲಲ್ಲಿ ಕಾವಲು ನಿಲ್ಲಿಸಲಿ. ಟೆಂಡರ್ ಬರೆಯುವವರು ‘ಬದ್ಧ’ ಎಂಬ ಒಂದು ಪದಕ್ಕೆ ತೃಪ್ತರಾಗದೆ, ತಮ್ಮ ಕಚೇರಿಯಲ್ಲಿ ನಿಲ್ಲಿಸಿದ ಸರ್ವರಿನ ಮೇಲೆಯೇ ಓಡಿಸಿದ, ತಾರೀಖು ಇರುವ ವರದಿ ಕೇಳಲಿ. ಉಳಿಸಿದ ಲೈಸೆನ್ಸ್ ದುಡ್ಡಿನ ಒಂದು ಪಾಲನ್ನು ಪರೀಕ್ಷೆ ಕಾಯುವವರಿಗೆ ಕೊಡಲಿ.

ಓದುಗ ಮಿತ್ರರೇ, ಇದು ಎಂಜಿನಿಯರುಗಳ ಜಗಳ ಎಂದು ಪುಟ ತಿರುವಬೇಡಿ. ಒಂದು ವಾಕ್ಯ ನಿಜವಾಗಿ ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ ಎಂದು ತಾಳ್ಮೆಯಿಂದ ಓದಬಲ್ಲವರು ಪರೀಕ್ಷೆ ಬರೆಯಲು ಬೇಕು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಆ ಅಭ್ಯಾಸವಿದೆ. ಅಷ್ಟೂ ಆಗದಿದ್ದರೆ, ಇನ್ನು ಮುಂದೆ ಯಾರಾದರೂ ‘ನಮ್ಮದು ಮಾನಕಕ್ಕೆ ಬದ್ಧ’ ಎಂದಾಗ ಒಂದು ಪ್ರಶ್ನೆ ಕೇಳಿ: ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ವರದಿ ಎಲ್ಲಿ?