ಕಂಬದ ಮೇಲಿನ ಮನೆ

ಮರದ ಮನೆ ಸರಣಿ – 6

ಬ್ರಿಸ್ಬೇನ್‌ನ ಪ್ಯಾಡಿಂಗ್ಟನ್ ಕಡೆ ಇಂಥ ಮನೆಗಳು ಸಾಲಾಗಿ ಕಾಣ್ತವೆ. ಗೋಡೆ ಅಂದ್ರೆ ಬಹಳ ಕಡೆ ಒಂದೇ ಪದರ ಹಲಗೆ, ಅಷ್ಟೇ. ಮೇಲೆ ತಗಡಿನ ಮಾಡು, ಮುಂದೆ ಜಗಲಿ, ಕೆಳಗೆ ಮರದ ಕಂಬಗಳು. ಗೆದ್ದಲು ಹತ್ತಬಾರದು ಅಂತ ಪ್ರತಿ ಕಂಬದ ತಲೆಗೂ ತಗಡಿನ ಟೋಪಿ! (ನನಗೆ ತುಂಬಾ ಇಷ್ಟವಾದದ್ದು ಇದೇ.)

ಕ್ವೀನ್ಸ್‌ಲ್ಯಾಂಡ್‌ನ 1885ರ ಕಾನೂನು, ಸೈಟು 16 ಪರ್ಚ್‌ಗಿಂತ, ಅಂದ್ರೆ ಸುಮಾರು 405 ಚದರ ಮೀಟರಿಗಿಂತ, ಚಿಕ್ಕದಿರಬಾರದು ಅಂತು. ದುಡಿಯೋರ ಸಣ್ಣ ಮನೆಗೂ ಸುತ್ತ ಗಾಳಿ ಸಿಕ್ಕಿದ್ದು ಹಾಗೆ.

ಈಗ ಮುಂಭಾಗ ಉಳಿದರೆ ಸಾಕು ಅಂತಾರಲ್ಲ, ಅದನ್ನ ನಾನು ಒಪ್ಪಲ್ಲ. ಜಗಲಿಗೆ ಗಾಜು ಹಾಕಿ, ಕಂಬದಡಿ ಗೋಡೆ ಎಬ್ಬಿಸಿ, ಎಸಿ ಕೂರಿಸಿದರೆ ಗಾಳಿಗೆ ದಾರಿ ಎಲ್ಲಿ? ಪಾರಂಪರಿಕ ಪಟ್ಟಿ ಮಾಡೋರು ಕಂಬದಡಿಯ ಖಾಲಿ ಜಾಗಾನೂ ಬರೆದುಕೊಳ್ಳಲಿ. ಅಲ್ಲಿ ಬೇಸಿಗೇಲೇ ಮಳೆ; ಬಟ್ಟೆ ಒಣಗೋದು, ಮಕ್ಕಳು ಆಡೋದು ಆ ನೆರಳಲ್ಲೇ.