ಗೇರ್‌ಬಾಕ್ಸ್ ಹೋದರೆ ಕಾರೇ ಹೋದಂತೆಯೆ?

ಹಳೆಯ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕೆಟ್ಟರೆ ಅದಕ್ಕೆ ಸರಿಹೊಂದುವ ಇನ್ನೊಂದನ್ನು ಗುಜರಿಯಲ್ಲಿ ಹುಡುಕಿ ಕೂರಿಸಿ, ಗಾಡಿ ಇನ್ನೂ ಓಡುತ್ತದೆ ಎಂಬುದು ನನ್ನ ವಾದ. ಇದನ್ನು ಹೇಳಿದಾಗಲೆಲ್ಲ ಎದುರಿನಿಂದ ಬರುವ ಮಾತುಗಳು ಹೆಚ್ಚುಕಡಿಮೆ ಅವೇ. ಕೆಲವನ್ನು ಅರ್ಧ ಒಪ್ಪುತ್ತೇನೆ. ಉಳಿದವು ಕೆಲಸಗಳ್ಳತನಕ್ಕೆ ಹೊದಿಸಿದ ಜಾಣತನ. ವಾದ ಗಾಳಿಯಲ್ಲಿ ತೇಲದಿರಲೆಂದು ಹೋಂಡಾ ಸಿಟಿಯನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

“15 ವರ್ಷದ ಗಾಡಿಗೆ ಯಾರಾದರೂ ಇಷ್ಟು ದುಡ್ಡು ಸುರಿಯುತ್ತಾರಾ? ತೂಕಕ್ಕೆ ಹಾಕಿಬಿಡಿ.” ರಿಪೇರಿಯ ಖರ್ಚನ್ನು ಕಾರಿನ ಮಾರಾಟದ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಹೀಗೇ ಅನ್ನಿಸುತ್ತದೆ. ಗೇರ್ ಹಿಡಿಯದ ಕಾರಿಗೆ ಸಿಗುವುದು ಗುಜರಿ ಬೆಲೆ. ಅದರ ಮೇಲೆ ಇನ್ನೆಷ್ಟು ಹಾಕಿದರೆ ಬೇರೊಂದು ಆಟೊಮ್ಯಾಟಿಕ್ ಬಾಗಿಲಿಗೆ ಬರುತ್ತದೆ, ಆ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ದೆಹಲಿಯವರ ಕಷ್ಟ ಬೇರೆ, ಅಲ್ಲಿ ಹಳೆಯ ಗಾಡಿಯ ಮೇಲೆ ನಿರ್ಬಂಧದ ಕತ್ತಿ ತೂಗುತ್ತಿರುತ್ತದೆ. ನಮ್ಮಲ್ಲಿ ಎಫ್‌ಸಿ ಪಾಸಾದರೆ ನೋಂದಣಿ 5 ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ನೆಲದ ತಗಡು ತುಕ್ಕು ತಿಂದು, ಎಂಜಿನ್ ನೀಲಿ ಹೊಗೆ ಕಾರುತ್ತಿದ್ದರೆ ಮಾತ್ರ ಮಾರಿಬಿಡಿ ಎಂದು ನಾನೂ ಹೇಳುತ್ತೇನೆ.

“ಗೇರ್‌ಬಾಕ್ಸ್ ಹೋಗಿದೆ ಅಂತ ಮೆಕ್ಯಾನಿಕ್ಕೇ ಹೇಳಿದ ಮೇಲೆ ಇನ್ನೇನು ಪರೀಕ್ಷೆ?” ಅವರು ಹೇಳಿದ್ದು ಏನನ್ನು ನೋಡಿ? 2008ರಲ್ಲಿ ಬಂದ ಸಿಟಿಯ 5 ಸ್ಪೀಡ್ ಆಟೊಮ್ಯಾಟಿಕ್‌ನಲ್ಲಿ ಏನಾದರೂ ಎಡವಟ್ಟಾದರೆ ಡ್ಯಾಶ್‌ಬೋರ್ಡಿನ ‘ಡಿ’ ದೀಪ ಮಿಣುಕುತ್ತದೆ. ಮಿಣುಕಿದ್ದಕ್ಕೆ ಕಾರಣ ಕ್ಲಚ್ಚಿನ ಪ್ರೆಶರ್ ಸ್ವಿಚ್ ಆಗಿರಬಹುದು, ಸೊಲೆನಾಯ್ಡ್ ಆಗಿರಬಹುದು, ಇಲಿ ಕಡಿದ ವೈರೂ ಆಗಿರಬಹುದು. ಇವೆಲ್ಲ ಗೇರ್‌ಬಾಕ್ಸ್ ಇಳಿಸದೆಯೇ ಸರಿಯಾಗುವಂಥವು. ಮುರಿದ ಎಂಜಿನ್ ಮೌಂಟ್ ಕೂಡ ಗೇರ್ ಬದಲಾದಾಗ ‘ಧಡ್’ ಎನ್ನಿಸಿ ಮೋಸ ಮಾಡುತ್ತದೆ. ಸ್ಕ್ಯಾನರ್ ಹಾಕಿ ಕೋಡ್ ಓದಿಸದೆ, ಆಯಿಲ್ ತೆಗೆದು ನೋಡದೆ, ಎಂಜಿನ್ನಿನ ಕೂಗು ಕೇಳಿಯೇ ತೀರ್ಪು ಕೊಟ್ಟಿದ್ದರೆ ಇನ್ನೊಬ್ಬರ ಹತ್ತಿರ ತೋರಿಸಿ.

“ಮ್ಯಾನ್ಯುಯಲ್ ಮಾಡಿಸಿಬಿಡಿ, ಪೀಡೆ ತೊಲಗಲಿ” ಎನ್ನುವವರಿಗೆ ಆ ಕೆಲಸದ ಪಟ್ಟಿಯನ್ನೇ ಓದಿ ಹೇಳಬೇಕು. ಗೇರ್‌ಬಾಕ್ಸಲ್ಲದೆ ಕ್ಲಚ್ ಪೆಡಲ್, ಫ್ಲೈವೀಲ್, ಆಕ್ಸಲ್‌ಗಳು, ಲಿವರ್, ಮೌಂಟ್‌ಗಳು, ಮೇಲೆ ಇಸಿಯು ಮತ್ತು ವೈರಿಂಗ್. ‘ಪಿ’ ಅಥವಾ ‘ಎನ್’ನಲ್ಲಿದ್ದರೆ ಮಾತ್ರ ಸ್ಟಾರ್ಟ್ ಆಗು ಎಂದು ಕಲಿತ ಕಾರಿಗೆ ಸುಳ್ಳು ಸಂಕೇತ ಕೊಟ್ಟು ನಂಬಿಸಬೇಕು. ಕಾಗದಪತ್ರದ ತಕರಾರೂ ಇದೆ. ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರು ಕೊಟ್ಟ ವಿವರಕ್ಕೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಮಾಡೆಲ್ ಹೆಸರಿನಲ್ಲೇ ‘ಸಿವಿಟಿ’ ಎಂದಿದ್ದರೆ ಅಪಘಾತದ ದಿನ ವಿಮೆಯವರು ಸುಮ್ಮನಿರುತ್ತಾರೆಂಬ ಭರವಸೆ ನನಗಿಲ್ಲ. ಇದೆಲ್ಲ ಹೋಗಲಿ, ಎಡಗಾಲಿನ ಮಂಡಿ ಸವೆದವರು, ಎಡಗಾಲಲ್ಲಿ ಬಲವಿಲ್ಲದವರು ಆಟೊಮ್ಯಾಟಿಕ್ ಕೊಂಡದ್ದು ಷೋಕಿಗಲ್ಲ. ಸಿಲ್ಕ್ ಬೋರ್ಡಿನ ಸಂಜೆಯ ಟ್ರಾಫಿಕ್‌ನಲ್ಲಿ ಅವರು ಕ್ಲಚ್ ತುಳಿಯಲಿ ಎನ್ನುವುದು ಸಲಹೆಯೇ ಅಲ್ಲ.

“ಸಿಟಿಯದು ಸಿಟಿಗೆ ಕೂರುತ್ತದೆ, ಅದರಲ್ಲೇನು ಆರಿಸುವುದು?” ಹೆಚ್ಚು ದುಡ್ಡು ಮುಳುಗುವುದು ಈ ಮಾತನ್ನು ನಂಬಿದವರದು. ನಮ್ಮವರು ‘ಡಾಲ್ಫಿನ್’ ಎಂದು ಕರೆದ 2003ರ ಸಿಟಿಯಲ್ಲಿದ್ದದ್ದು ಸಿವಿಟಿ. ಅದಕ್ಕೆ ಟಾರ್ಕ್ ಕನ್ವರ್ಟರೇ ಇರಲಿಲ್ಲ, ಆಯಿಲ್‌ನಲ್ಲಿ ಮುಳುಗಿರುವ ಸ್ಟಾರ್ಟ್ ಕ್ಲಚ್ ಗಾಡಿಯನ್ನು ಹೊರಡಿಸುತ್ತಿತ್ತು. 2008ರ ಪೀಳಿಗೆಯಲ್ಲಿ ಸಿವಿಟಿ ಹೋಗಿ ಟಾರ್ಕ್ ಕನ್ವರ್ಟರಿನ 5 ಸ್ಪೀಡ್ ಬಂತು. 2014ರಲ್ಲಿ ಸಿವಿಟಿ ಮರಳಿತು, ಈ ಸಲ ಟಾರ್ಕ್ ಕನ್ವರ್ಟರ್ ಸಮೇತ. ಒಂದೇ ಹೆಸರಿನ ಕಾರಿನಲ್ಲಿ ಮೂರು ಬಗೆ. ಒಂದೇ ಬಗೆಯೊಳಗೂ ಬೋಲ್ಟ್‌ಗಳ ತೂತು ಸರಿಬಂದ ಮಾತ್ರಕ್ಕೆ ಗೆದ್ದಂತಲ್ಲ. ಫೈನಲ್ ಡ್ರೈವ್ ಅನುಪಾತ ಬೇರೆಯಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಗೇರ್ ಅನುಪಾತವೇ ಬೇರೆಯಾದರೆ, ಒಳಗೂ ಹೊರಗೂ ತಿರುಗುವ ವೇಗ ಹೋಲಿಸಿ ನೋಡುವ ಕಂಪ್ಯೂಟರ್ ಕ್ಲಚ್ ಜಾರುತ್ತಿದೆ ಎಂದೇ ತಿಳಿದು ರಗಳೆ ತೆಗೆಯುತ್ತದೆ. ಗೇರ್‌ಬಾಕ್ಸಿನ ಮೈಮೇಲೆ ಅದರ ಕೋಡ್ ಇರುತ್ತದೆ. ನಿಮ್ಮದರ ಫೋಟೊ ತೆಗೆದುಕೊಂಡು ಹೋಗಿ ಅಕ್ಷರಕ್ಕೆ ಅಕ್ಷರ ಹೋಲಿಸಿ, ಕನೆಕ್ಟರಿನ ಪಿನ್ನುಗಳನ್ನೂ ಎಣಿಸಿ. ಗುಜರಿ ಅಂಗಡಿಯ ಯಜಮಾನರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

“ಶಿವಾಜಿನಗರದ ಗುಜರಿ ಮಾಲು ಮೂರು ತಿಂಗಳೂ ಬಾಳಲ್ಲ.” ಬಾಳದಿರುವುದುಂಟು. ಆದರೆ ಎಷ್ಟೋ ಸಲ ಅದನ್ನು ಕೊಲ್ಲುವುದು ಕೂರಿಸಿದ ಕೈ. ಹಳೆಯ ಗೇರ್‌ಬಾಕ್ಸ್ ಸಾಯುವಾಗ ಕ್ಲಚ್ಚಿನ ಪುಡಿ, ಲೋಹದ ಚೂರು ಆಯಿಲ್‌ನೊಂದಿಗೆ ಹೋಗಿ ಕೂಲರಿನಲ್ಲಿ ಕೂತಿರುತ್ತವೆ. ಅದನ್ನು ತೊಳೆಯದೆ ಪೈಪ್ ಸಿಕ್ಕಿಸಿದರೆ ಬಂದ ಗೇರ್‌ಬಾಕ್ಸಿಗೆ ಮೊದಲ ದಿನವೇ ಹಳೆಯದರ ಕೊಳೆ. ರೇಡಿಯೇಟರಿನೊಳಗಿನ ಕೂಲರ್ ಸೋರಿ ಕೂಲಂಟ್ ಆಯಿಲ್‌ಗೆ ಬೆರೆತಿದ್ದರೆ, ತೆಗೆದ ಆಯಿಲ್ ಗುಲಾಬಿ ಮಜ್ಜಿಗೆಯಂತೆ ಕಾಣುತ್ತದೆ. ಆಗ ರೇಡಿಯೇಟರನ್ನೇ ಬದಲಿಸಬೇಕು.

ಟಾರ್ಕ್ ಕನ್ವರ್ಟರಿನದು ಇನ್ನೂ ಸೂಕ್ಷ್ಮ. ಅದು ಒಳಗಿನ ಶಾಫ್ಟ್‌ಗೂ ಪಂಪಿಗೂ ಹಂತಹಂತವಾಗಿ ಕಚ್ಚಿಕೊಂಡು ಪೂರ್ತಿ ಹಿಂದೆ ಸರಿದು ಕೂರಬೇಕು. ಕೂತಿದೆಯೋ ಇಲ್ಲವೋ ಎಂಬುದನ್ನು ಹೌಸಿಂಗಿನ ಅಂಚಿಗೆ ಪಟ್ಟಿ ಇಟ್ಟು ಆಳ ಅಳೆದೇ ತಿಳಿಯಬೇಕು. ಅರೆಬರೆ ಕೂತಿದ್ದಾಗ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಒತ್ತಿ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಎರಡು ಮೈಗಳೂ ಕೈಯಿಂದ ತಳ್ಳಿದಾಗಲೇ ಸೇರಬೇಕು, ಬೋಲ್ಟ್ ಇರುವುದು ಎಳೆದು ಸೇರಿಸುವುದಕ್ಕಲ್ಲ. ಸೇರಿಸಿದ ಮೇಲೂ ಕನ್ವರ್ಟರ್ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿಯೇ ಡ್ರೈವ್ ಪ್ಲೇಟಿಗೆ ಬಿಗಿಯಬೇಕು. ಡೋವೆಲ್ ಪಿನ್ನುಗಳು ಹಳೆಯ ಹೌಸಿಂಗಿನಲ್ಲೇ ಉಳಿದುಹೋಗುವುದೂ ಉಂಟು. ಇನ್ನು ಡಾಲ್ಫಿನ್ ಸಿವಿಟಿಯಾದರೆ ಸ್ಟಾರ್ಟ್ ಕ್ಲಚ್ಚನ್ನು ಕಂಪ್ಯೂಟರಿಗೆ ಮತ್ತೆ ಪರಿಚಯಿಸುವ ಕ್ರಮ ಪಾಲಿಸಬೇಕು. ಅದನ್ನು ಬಿಟ್ಟು, ಹೊರಡುವಾಗ ಗಾಡಿ ನಡುಗಿದರೆ ‘ಗುಜರಿ ಮಾಲು’ ಎಂದು ಬೈಯುವುದು ಅನ್ಯಾಯ.

“ಆಯಿಲ್ ಕೆಂಪಗಿದ್ದರೆ ಸಾಕು, ಯಾವುದಾದರೂ ಒಂದೇ.” ಅಲ್ಲ. 2003ರ ಸಿವಿಟಿಗೆ ಹೋಂಡಾ ಹೇಳಿದ್ದು ಎಚ್‌ಎಂಎಂಎಫ್, 5 ಸ್ಪೀಡಿಗೆ ಈಗ ಡಿಡಬ್ಲ್ಯು-1, 2014ರದಕ್ಕೆ ಎಚ್‌ಸಿಎಫ್-2. ಸಿವಿಟಿಯ ಉಕ್ಕಿನ ಬೆಲ್ಟ್ ಜಾರದಂತೆ ಹಿಡಿಯಬೇಕಾದ ಆಯಿಲ್ ಬೇರೆ, ಕ್ಲಚ್ ಪ್ಲೇಟುಗಳ ನಡುವೆ ಓಡಬೇಕಾದದ್ದು ಬೇರೆ. ಮಟ್ಟ ನೋಡುವ ರೀತಿಯಲ್ಲೂ ಎಡವುತ್ತಾರೆ. ಅಳತೆಕಡ್ಡಿ ಇರುವ ಹೆಚ್ಚಿನ ಆಟೊಮ್ಯಾಟಿಕ್‌ಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡುವುದು ರೂಢಿ; ಈ 5 ಸ್ಪೀಡಿನಲ್ಲಿ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಒಂದೂವರೆ ನಿಮಿಷದೊಳಗೆ ನೋಡಬೇಕು. ಓಡುತ್ತಿರುವಾಗ ನೋಡಿದರೆ ಕಡ್ಡಿಯಲ್ಲಿ ಕಡಿಮೆ ಕಾಣುತ್ತದೆ, ಗ್ಯಾರೇಜಿನ ಹುಡುಗ ಇನ್ನರ್ಧ ಲೀಟರ್ ಸುರಿಯುತ್ತಾನೆ.

“ಕೈಕೊಟ್ಟರೆ ಹೊಣೆ ಯಾರು?” ಇದೊಂದು ನ್ಯಾಯವಾದ ಪ್ರಶ್ನೆ. ಬಿಲ್ಲಿನಲ್ಲಿ ಗೇರ್‌ಬಾಕ್ಸಿನ ನಂಬರು, ವಾಪಸಾತಿಯ ಗಡುವು, ಮತ್ತೆ ಇಳಿಸಿ ಕೂರಿಸುವ ಕೂಲಿ ಯಾರದು ಎಂಬ ಮೂರನ್ನೂ ಬರೆಸಿಕೊಳ್ಳಿ. ಮೂರನೆಯದನ್ನು ಯಾರೂ ತಾವಾಗಿ ಬರೆಯುವುದಿಲ್ಲ, ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಬೇಕು.